ಸಹಾಯ ಬೇಕು: ಸಣ್ಣ ಮಕ್ಕಳ ಜೋಡಿ ಮಲೇಷ್ಯಾದ ಲೆಗೋಲ್ಯಾಂಡ್

ನಮಸ್ಕಾರ್ರೀ. ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಸಿಂಗಪುರದ ಗಡಿಗೆ ಹತ್ತಿದ ಮಲೇಷ್ಯಾದ ಜೊಹೊರ್‌ನ ಲೆಗೋಲ್ಯಾಂಡಿಗೆ (ಲೆಗೋ ಆಟಿಕೆಯ ಥೀಮ್ ಪಾರ್ಕ್) ಹೋಗಿ ಬಂದವರು ದಯವಿಟ್ಟು ಹೇಳ್ರಿ. ಮಕ್ಕಳಿಗೆ 3 ಮತ್ತು 6 ವರ್ಷ. ಎತ್ತರ 93 ಮತ್ತು 114 ಸೆಂ.ಮೀ. ಅಲ್ಲಿ ಹೆಚ್ಚಿನ ರೈಡ್‌ಗೆ ಬಿಡೋದು ಎತ್ತರ ನೋಡಿ. ಹಂಗಾಗಿ ಬರಿಗಾಲಲ್ಲೇ ಅಳತಿ ತಗೊಂಡೀವಿ. ಒಂದು ಮೀಟರ್ ದಾಟದ ಮಗುವಿಗೆ ಡುಪ್ಲೋ ಭಾಗ (ಸಣ್ಣ ಕೂಸುಗಳ ಆಟದ ಜಾಗ), ಮಿನಿಲ್ಯಾಂಡ್ (ಲೆಗೋ ಇಟ್ಟಿಗೆಯ ಪುಟ್ಟ ಊರುಗಳು) ಬಿಟ್ಟರೆ ಮತ್ತೇನು ಸಿಗ್ತದ? ದೊಡ್ಡವನ ರೈಡ್‌ಗೆ ಅಪ್ಪ-ಅವ್ವ ಸರದಿ ಬದಲಿಸಿದರೆ ಎರಡನೇಯವರು ಮತ್ತ ಪಾಳಿ ಹಚ್ಚಬೇಕೇನು?

ಬೆಂಗಳೂರಿಂದ ಸಿಂಗಪುರಕ್ಕೆ ವಿಮಾನ, ಅಲ್ಲಿಂದ ಬಸ್ ಅಂತ ವಿಚಾರ. ಗಡಿಯಲ್ಲಿ ಎರಡೂ ಕಡೆ ಇಳಿದು, ಲಗೇಜ್ ಸಮೇತ ಪಾಸ್‌ಪೋರ್ಟ್ ಸಾಲಿಗೆ ನಿಲ್ಲಬೇಕು. ನಿದ್ದಿಗಣ್ಣಿನ ಕೂಸು, ಸ್ಟ್ರಾಲರ್, ಚೀಲ ಮೂರೂ ಹಿಡಿದು ಅದೇ ಭಾರೀ ತ್ರಾಸು. ವಾಪಸ್ ಸಿಂಗಪುರಕ್ಕೇ ಬರೋದಾದರೆ ಅಲ್ಲಿನ ವೀಸಾ ಮಲ್ಟಿಪಲ್ ಎಂಟ್ರಿ (ಒಂದಕ್ಕಿಂತ ಹೆಚ್ಚು ಸಲ ಒಳಗ ಬಿಡೋದು) ಇರಬೇಕು. ಹೋದ ದಿನವೇ ಮರಳೋದಕ್ಕಿಂತ ಜೊಹೊರ್‌ನಲ್ಲೇ ಒಂದು ರಾತ್ರಿ ಉಳಿಯೋದು ಮೇಲು ಅನಸ್ತದ. ಸರಿಯೇನ್ರಿ?

ಮಧ್ಯಾಹ್ನ ಗುಡುಗು ಶುರುವಾದರೆ ಹೊರಗಿನ ರೈಡ್, ವಾಟರ್ ಪಾರ್ಕ್ ಎರಡೂ ನಿಲ್ಲಿಸ್ತಾರ. ಅದಕ್ಕೇ ಬೆಳಿಗ್ಗೆ ಗೇಟ್ ತೆಗೆದ ಕೂಡಲೇ ಯಾವ ರೈಡ್‌ಗೆ ಮೊದಲು ಹೋಗಬೇಕು? ಕೂಸಿಗೆ ಮೊಸರನ್ನದ ಡಬ್ಬಿ ಒಳಗ ಬಿಡ್ತಾರೇನು?