ಪದಚರ್ಚೆ: ಅಮೆರಿಕದ ‘ಓವರ್‌ಡ್ರಾಫ್ಟ್ ಫೀ’ ಶುಲ್ಕವೋ, ದಂಡವೋ, ಬಡ್ಡಿಯೋ?

ಪ್ರಶ್ನೆ

ಮಾನ್ಯರೆ,

ಅಮೆರಿಕದಲ್ಲಿ ಬ್ಯಾಂಕ್ ಖಾತೆಯ ಶುಲ್ಕಗಳ ಬಗ್ಗೆ ಜನರಿಗಿರುವ ಸಿಟ್ಟು ಮತ್ತು ಅದರ ಸುತ್ತ ಈಗ ನಡೆದಿರುವ ರಾಜಕೀಯ ಕುರಿತು ಕನ್ನಡದಲ್ಲಿ ಒಂದು ಲೇಖನ ಸಿದ್ಧವಾಗುತ್ತಿದೆ. ಕರಡಿನಲ್ಲಿ ಹೀಗೊಂದು ವಾಕ್ಯವಿದೆ: ‘ಬ್ಯಾಂಕುಗಳ ಓವರ್‌ಡ್ರಾಫ್ಟ್ ದಂಡಕ್ಕೆ ಐದು ಡಾಲರ್ ಮಿತಿ ಹೇರಿದ್ದ ಕಾನೂನನ್ನು ಕಾಂಗ್ರೆಸ್ ರದ್ದು ಮಾಡಿತು.’

ಇದರಲ್ಲಿ ‘ಓವರ್‌ಡ್ರಾಫ್ಟ್’ ಎಂದೇ ಉಳಿಸಬೇಕೆ, ‘ಮೀರೆಳೆತ’ ಎನ್ನಬಹುದೆ? ‘ದಂಡ’ ಸರಿಯೆ, ‘ಶುಲ್ಕ’ ಸರಿಯೆ? ‘ಜಂಕ್ ಫೀ’, ‘ಚೆಕಿಂಗ್ ಅಕೌಂಟ್’, ‘ಮಿನಿಮಮ್ ಬ್ಯಾಲೆನ್ಸ್’ ಇವಕ್ಕೆ ಬಳಕೆಯಲ್ಲಿರುವ ಮಾತು ಯಾವುದು? ಬ್ಯಾಂಕಿನ ವ್ಯವಹಾರ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಮಸ್ಕಾರ. ‘ಓವರ್‌ಡ್ರಾಫ್ಟ್’ನಿಂದಲೇ ಶುರು ಮಾಡುತ್ತೇನೆ, ಹೆಚ್ಚಿನ ಗೊಂದಲ ಇರುವುದು ಅಲ್ಲೇ.

ನಮ್ಮಲ್ಲಿ ಓ.ಡಿ. ಎಂದರೆ ವ್ಯಾಪಾರಸ್ಥರು ಆಸ್ತಿಯನ್ನೋ ಠೇವಣಿಯನ್ನೋ ಆಧಾರವಾಗಿ ಕೊಟ್ಟು, ಅರ್ಜಿ ಹಾಕಿ ಮಂಜೂರು ಮಾಡಿಸಿಕೊಳ್ಳುವ ಸೌಲಭ್ಯ. ‘ಐದು ಲಕ್ಷ ಓ.ಡಿ. ಇದೆ’ ಎಂದು ಅಂಗಡಿಯವರು ಹೇಳಿದರೆ ಅದು ಅನುಕೂಲಸ್ಥರ ಮಾತು. ಬಳಸಿದಷ್ಟು ಹಣಕ್ಕೆ, ಬಳಸಿದಷ್ಟು ದಿನಕ್ಕೆ ಬಡ್ಡಿ ಬೀಳುತ್ತದೆ. ಅಮೆರಿಕದ ಸುದ್ದಿಯಲ್ಲಿ ಬರುವ ಓವರ್‌ಡ್ರಾಫ್ಟ್ ಬೇರೆಯದೇ. ದಿನಬಳಕೆಯ ಖಾತೆಯಲ್ಲಿ ಹಣ ಸಾಲದೆ ಹೋದಾಗ ಬ್ಯಾಂಕು ತನ್ನ ಕೈಯಿಂದ ಪಾವತಿ ಮಾಡಿ, ಹಾಗೆ ಮಾಡಿದ ಪ್ರತಿ ಪಾವತಿಗೂ ಇಂತಿಷ್ಟು ಎಂದು ಖಾತೆಯಿಂದ ಮುರಿದುಕೊಳ್ಳುತ್ತದೆ. ಬಹುಕಾಲ ಈ ದರ 35 ಡಾಲರ್ ಆಸುಪಾಸಿನಲ್ಲಿತ್ತು. ಕೊರತೆ 20 ಡಾಲರ್ ಆದರೂ ಅಷ್ಟೇ, 300 ಆದರೂ ಅಷ್ಟೇ. ‘ಮೀರೆಳೆತ’ ಎಂದರೆ ಖಾತೆದಾರ ಗೊತ್ತಿದ್ದೂ ಎಳೆದುಕೊಂಡ ಎಂಬ ಧ್ವನಿ ಬರುತ್ತದೆ. ವಾಸ್ತವದಲ್ಲಿ ಎಷ್ಟೋ ಸಲ ಖಾತೆದಾರನಿಗೆ ವಿಷಯ ಗೊತ್ತಾಗುವುದೇ ಶುಲ್ಕ ಬಿದ್ದ ಮೇಲೆ. ಹಾಗಾಗಿ ‘ಓವರ್‌ಡ್ರಾಫ್ಟ್’ ಎಂದೇ ಇಟ್ಟುಕೊಂಡು, ಮೊದಲ ಸಲ ಬಂದಲ್ಲಿ ‘ಖಾತೆಯಲ್ಲಿ ಹಣ ಸಾಲದಿದ್ದರೂ ಬ್ಯಾಂಕು ಪಾವತಿ ಮಾಡಿ ವಿಧಿಸುವ ಶುಲ್ಕ’ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಇದರ ಜೊತೆಗೇ ಎನ್‌ಎಸ್‌ಎಫ್ (ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂಬ) ಶುಲ್ಕ ಎಂಬುದೊಂದಿದೆ. ಅಲ್ಲಿ ಬ್ಯಾಂಕು ಪಾವತಿ ಮಾಡುವುದಿಲ್ಲ, ಚೆಕ್ಕನ್ನು ವಾಪಸ್ ಕಳಿಸಿ ಹಣ ಕೇಳುತ್ತದೆ. ಅದಕ್ಕೆ ನಮ್ಮಲ್ಲಿ ಮಾತು ಸಿದ್ಧವಾಗಿದೆ: ‘ಚೆಕ್ ಬೌನ್ಸ್ ಶುಲ್ಕ’. ಇಎಂಐ ದಿನ ಖಾತೆಯಲ್ಲಿ ಹಣವಿಲ್ಲದೆ ಬೀಳುವ ‘ರಿಟರ್ನ್ ಚಾರ್ಜ್’ ಕೂಡ ಇದೇ ಜಾತಿಯದು. ಓವರ್‌ಡ್ರಾಫ್ಟ್ ಶುಲ್ಕ, ಬೌನ್ಸ್ ಶುಲ್ಕ ಎರಡನ್ನೂ ಒಂದೇ ಪದದಲ್ಲಿ ಸೇರಿಸಿಬಿಟ್ಟರೆ ಲೇಖನದ ಅಂಕಿಗಳು ತಪ್ಪಾಗುತ್ತವೆ.

ಓವರ್‌ಡ್ರಾಫ್ಟ್ ಶುಲ್ಕಕ್ಕೆ ‘ಕನಿಷ್ಠ ಬ್ಯಾಲೆನ್ಸ್ ದಂಡ’ ಎಂದು ಅನುವಾದ ಮಾಡಿದರಂತೂ ಪೂರಾ ತಪ್ಪು. ಖಾತೆಯಲ್ಲಿ ಇಂತಿಷ್ಟು ಹಣ ಇಟ್ಟಿಲ್ಲವೆಂದು ಹಾಕುವುದು ಬೇರೆ, ಇಲ್ಲದ ಹಣವನ್ನು ಖರ್ಚು ಮಾಡಲು ಬಿಟ್ಟು ಹಾಕುವುದು ಬೇರೆ. ಮೊದಲನೆಯದು ಅಮೆರಿಕದಲ್ಲೂ ಇದೆ, ಅದರ ಹೆಸರು ಮಾಸಿಕ ನಿರ್ವಹಣಾ ಶುಲ್ಕ. ದೊಡ್ಡ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ 12ರಿಂದ 15 ಡಾಲರ್. ಸಂಬಳ ನೇರವಾಗಿ ಜಮಾ ಆಗುತ್ತಿದ್ದರೆ ಅಥವಾ ನಿಗದಿತ ಹಣ ಖಾತೆಯಲ್ಲಿದ್ದರೆ ಅದಿಲ್ಲ. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕನಿಷ್ಠ ಹಣ ಇಲ್ಲವೆಂಬ ಶುಲ್ಕ ಒಂದರಿಂದಲೇ ಉಳಿತಾಯ ಖಾತೆ ಶೂನ್ಯದ ಕೆಳಗೆ ಇಳಿಯುವಂತಿಲ್ಲ. 2015ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಆ ಶುಲ್ಕವನ್ನೇ ತೆಗೆದುಹಾಕಿತು. ಅಂದರೆ ‘ಖಾತೆ ಮೈನಸ್‌ಗೆ ಹೋಯಿತು’ ಎಂಬ ಅನುಭವ ನಮ್ಮ ಸಾಮಾನ್ಯ ಓದುಗರಿಗೆ ಕಡಿಮೆ. ಯುಪಿಐ ಮಾಡಿದಾಗ ಹಣ ಸಾಲದಿದ್ದರೆ ಪಾವತಿ ಆಗುವುದೇ ಇಲ್ಲ, ಅಷ್ಟೇ. ಅಲ್ಲಿ ಪಾವತಿ ಆಗುತ್ತದೆ, ಬಿಲ್ಲು ಆಮೇಲೆ ಬರುತ್ತದೆ. ಈ ವ್ಯತ್ಯಾಸವನ್ನು ಲೇಖನ ಒಂದೆರಡು ಸಾಲಿನಲ್ಲಿ ಹೇಳಲೇಬೇಕು.

‘ಬ್ಯಾಲೆನ್ಸ್’ಗೆ ‘ಬಾಕಿ’ ಎಂದು ಬರೆಯಬೇಡಿ. ಕನ್ನಡಿಗರಿಗೆ ಬಾಕಿ ಎಂದರೆ ಕೊಡಬೇಕಾದದ್ದು. ‘ಕನಿಷ್ಠ ಬಾಕಿ ಇರಲೇಬೇಕು’ ಎಂದು ಓದಿದವರು ತಲೆ ಕೆರೆದುಕೊಳ್ಳುತ್ತಾರೆ. ಲೆಕ್ಕದ ಪುಸ್ತಕದ ಮಾತು ‘ಶಿಲ್ಕು’, ಅದು ಒಳ್ಳೆಯ ಪದ. ಆದರೆ ‘ಶುಲ್ಕ’ದ ಪಕ್ಕದಲ್ಲಿ ಬಂದಾಗ ಅಚ್ಚಿನಲ್ಲಿ ಒಂದು ಇನ್ನೊಂದಾಗಿಬಿಡುವುದುಂಟು, ಕರಡು ತಿದ್ದುವವರು ಕಣ್ಣಿಟ್ಟಿರಬೇಕು. ಇನ್ನು ‘ಚೆಕಿಂಗ್ ಅಕೌಂಟ್’ ಎಂದರೆ ‘ಚಾಲ್ತಿ ಖಾತೆ’ ಎಂದು ನಿಘಂಟಿನ ದಾರಿಯಲ್ಲಿ ಹೋಗುತ್ತಾರೆ. ನಮ್ಮಲ್ಲಿ ಚಾಲ್ತಿ ಖಾತೆ ವ್ಯಾಪಾರಿಗಳದ್ದು. ಅಲ್ಲಿ ಅದು ಸಂಬಳ ಬೀಳುವ, ಬಾಡಿಗೆ ಹೋಗುವ ಮನೆಮಂದಿಯ ಖಾತೆ. ‘ದಿನಬಳಕೆಯ ಖಾತೆ’ ಎಂದರೆ ಸಾಕು.

ಈಗ ಶುಲ್ಕವೋ ದಂಡವೋ ಎಂಬ ಮುಖ್ಯ ಪ್ರಶ್ನೆ. ಇದು ಶೈಲಿಗೆ ಬಿಟ್ಟ ವಿಷಯವಲ್ಲ, ಅಮೆರಿಕದ ಜಗಳದ ಮೂಲವೇ ಇದು. ಅಲ್ಲಿ 1968ರ ಸಾಲ ಪಾರದರ್ಶಕತೆಯ ಕಾಯ್ದೆಯ ಪ್ರಕಾರ ಸಾಲ ಕೊಟ್ಟವರು ಬಡ್ಡಿಯ ವಾರ್ಷಿಕ ದರವನ್ನು ಹೇಳಲೇಬೇಕು. 1969ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಆ ಕಾಯ್ದೆಯಡಿ ನಿಯಮ ಮಾಡಿದಾಗ ಓವರ್‌ಡ್ರಾಫ್ಟ್‌ಗೆ ವಿನಾಯಿತಿ ಕೊಟ್ಟಿತು. ಅಪರೂಪಕ್ಕೆ ಒಂದು ಚೆಕ್ ಬಂದು ಹಣ ಸಾಲದಿದ್ದರೆ, ಪರಿಚಯದ ಗಿರಾಕಿಯ ಮಾನ ಉಳಿಸಲು ಬ್ಯಾಂಕು ಪಾಸು ಮಾಡುತ್ತಿದ್ದ ಕಾಲ ಅದು. ಡೆಬಿಟ್ ಕಾರ್ಡು ಬಂದ ಮೇಲೆ ಅದೇ ವಿನಾಯಿತಿಯ ನೆರಳಿನಲ್ಲಿ ದೊಡ್ಡ ಆದಾಯ ಬೆಳೆಯಿತು. 2019ರಲ್ಲಿ ಓವರ್‌ಡ್ರಾಫ್ಟ್ ಮತ್ತು ಬೌನ್ಸ್ ಶುಲ್ಕ ಸೇರಿ ಸುಮಾರು 1,200 ಕೋಟಿ ಡಾಲರ್. ‘ಶುಲ್ಕ’ ಎಂದು ಕರೆದರೆ ಅದು ಸೇವೆಯ ಬೆಲೆ, ಸಾಲದ ಕಾಯ್ದೆ ತಾಕುವುದಿಲ್ಲ. ‘ಬಡ್ಡಿ’ ಎಂದರೆ ತಾಕುತ್ತದೆ. ಬ್ಯಾಂಕುಗಳು ‘ಸೇವೆ’ ಎನ್ನುತ್ತವೆ, ಗ್ರಾಹಕರ ಪರ ಇರುವವರು ‘ಸಾಲ’ ಎನ್ನುತ್ತಾರೆ. ಅಮೆರಿಕದ ಸರ್ಕಾರಿ ಸಂಸ್ಥೆಯಾದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ 2014ರಲ್ಲಿ ತೋರಿಸಿದ ಲೆಕ್ಕ ಹೀಗಿದೆ: ಶುಲ್ಕ ಬಿದ್ದ ಡೆಬಿಟ್ ಕಾರ್ಡ್ ಖರೀದಿಗಳಲ್ಲಿ ಹೆಚ್ಚಿನವು 24 ಡಾಲರ್ ಅಥವಾ ಅದಕ್ಕಿಂತ ಕಡಿಮೆ, ಹಣ ಸಾಮಾನ್ಯವಾಗಿ ಮೂರು ದಿನದೊಳಗೆ ವಾಪಸ್, ಶುಲ್ಕ 34 ಡಾಲರ್. ಇದನ್ನು ಬಡ್ಡಿ ಎಂದು ಎಣಿಸಿದರೆ ವಾರ್ಷಿಕ ದರ ಶೇ 17,000 ದಾಟುತ್ತದೆ.

‘ದಂಡ’ ಎಂದರೆ ತಪ್ಪು ಮಾಡಿದ್ದಕ್ಕೆ ಅಧಿಕಾರವಿರುವವರು ಹಾಕುವುದು. ಆ ಪದ ಬಳಸಿದ ಕೂಡಲೇ ತಪ್ಪೆಲ್ಲ ಖಾತೆದಾರನ ಮೇಲೆ ಬೀಳುತ್ತದೆ. ಅದೆಷ್ಟು ಅನ್ಯಾಯ ಎಂದು ಒಂದು ಉದಾಹರಣೆಯಿಂದ ನೋಡಿ. ಖಾತೆಯಲ್ಲಿ 100 ಡಾಲರ್ ಇದೆ. ಬೆಳಿಗ್ಗೆ ಕಾಫಿಗೆ 4, ಮಧ್ಯಾಹ್ನ ಊಟಕ್ಕೆ 12, ಸಂಜೆ ಔಷಧಿಗೆ 20, ಕೊನೆಗೆ 95ರ ಚೆಕ್. ನಡೆದ ಕ್ರಮದಲ್ಲೇ ಕಳೆದರೆ ಮೊದಲ ಮೂರಕ್ಕೆ ಹಣ ಇದೆ, ಚೆಕ್ಕಿಗೆ ಮಾತ್ರ ಕೊರತೆ. ಒಂದು ಶುಲ್ಕ, 35 ಡಾಲರ್. ಬ್ಯಾಂಕು ರಾತ್ರಿ ಲೆಕ್ಕ ಹಾಕುವಾಗ ದೊಡ್ಡ ಮೊತ್ತವನ್ನು ಮೊದಲು ಕಳೆದರೆ 95 ಹೋಗಿ ಉಳಿಯುವುದು 5. ಆಮೇಲೆ ಔಷಧಿಗೆ ಕೊರತೆ, ಊಟಕ್ಕೆ ಕೊರತೆ, ಕಾಫಿಗೂ ಕೊರತೆ. ಮೂರು ಶುಲ್ಕ, 105 ಡಾಲರ್. ಖರ್ಚು ಅದೇ, ಖಾತೆದಾರ ಅದೇ. ಹೀಗೆ ಕ್ರಮ ಬದಲಿಸಿದ್ದರ ಮೇಲೆ ಬಿದ್ದ ಮೊಕದ್ದಮೆಗಳಲ್ಲಿ ಬ್ಯಾಂಕ್ ಆಫ್ ಅಮೆರಿಕ 2011ರಲ್ಲಿ 41 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಇದನ್ನು ತಿಳಿದ ಮೇಲೆ ‘ದಂಡ’ ಎಂದು ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಸುದ್ದಿಯ ವಾಕ್ಯದಲ್ಲಿ ‘ಶುಲ್ಕ’ ಇರಲಿ. ಸಾಲ ಎಂಬ ವಾದವನ್ನು ವಿವರಿಸುವಲ್ಲಿ ‘ಬಡ್ಡಿ’ ಬರಲಿ. ‘ದಂಡ’ ಎಂಬುದು ಬ್ಯಾಂಕುಗಳ ಮೇಲೆ ಸರ್ಕಾರ ಹಾಕಿದ್ದಕ್ಕೆ ಮೀಸಲಿರಲಿ: ಕೇಳದವರ ಹೆಸರಲ್ಲಿ ಖಾತೆ ತೆರೆದದ್ದಕ್ಕೆ 2016ರಲ್ಲಿ ವೆಲ್ಸ್ ಫಾರ್ಗೊ ಕಟ್ಟಿದ 18.5 ಕೋಟಿ ಡಾಲರ್ ನಿಜವಾದ ದಂಡ.

ಉತ್ತರ 2

ಮೇಲಿನವರು ಬ್ಯಾಂಕಿನ ಮಾತು ಹೇಳಿದ್ದಾರೆ. ಶಾಸನದ ಮಾತು ಸ್ವಲ್ಪ.

‘ಕಾಂಗ್ರೆಸ್ ರದ್ದು ಮಾಡಿತು’ ಎಂದು ಕನ್ನಡ ಪತ್ರಿಕೆಯ ತಲೆಬರಹದಲ್ಲಿ ಬಂದರೆ ಓದುಗರ ಮನಸ್ಸಿಗೆ ಬರುವುದು ಕಾಂಗ್ರೆಸ್ ಪಕ್ಷ. ‘ಅಮೆರಿಕದ ಸಂಸತ್ತು’ ಎಂದೇ ಬರೆಯಿರಿ. ‘ಕಾನೂನು’ ಕೂಡ ತಪ್ಪು. ಸಂಸತ್ತು ಮಾಡಿದ್ದು ಕಾಯ್ದೆ, ಕಾಯ್ದೆಯ ಅಡಿಯಲ್ಲಿ ಸಂಸ್ಥೆ ಮಾಡಿದ್ದು ನಿಯಮ. ಐದು ಡಾಲರ್ ಮಿತಿ ಬ್ಯೂರೋದ ನಿಯಮ. 2024ರ ಡಿಸೆಂಬರ್ 12ರಂದು ಹೊರಬಿತ್ತು, 2025ರ ಅಕ್ಟೋಬರ್ 1ರಂದು ಜಾರಿಗೆ ಬರಬೇಕಿತ್ತು. ಸಾವಿರ ಕೋಟಿ ಡಾಲರ್‌ಗಿಂತ ಹೆಚ್ಚು ಆಸ್ತಿಯುಳ್ಳ ಬ್ಯಾಂಕುಗಳಿಗೆ ಮಾತ್ರ ಅನ್ವಯ. ಅವುಗಳಿಗೂ ಮೂರು ದಾರಿ ಇತ್ತು: 5 ಡಾಲರ್ ಒಳಗೆ ಶುಲ್ಕ, ಅಥವಾ ತಮಗೆ ತಗಲುವ ವೆಚ್ಚದಷ್ಟೇ ಶುಲ್ಕ, ಅಥವಾ ಸಾಲವೆಂದು ಒಪ್ಪಿಕೊಂಡು ವಾರ್ಷಿಕ ದರ ಹೇಳಿ ಎಷ್ಟು ಬೇಕಾದರೂ. ಹಾಗಾಗಿ ‘ಐದು ಡಾಲರ್ ಮಿತಿ ಹೇರಿದ್ದ’ ಎಂಬಷ್ಟರಿಂದ ವಿಷಯ ಪೂರ್ತಿಯಾಗುವುದಿಲ್ಲ.

‘ಹೇರಿದ್ದ’ ಎಂದರೆ ನಿಯಮ ನಡೆಯುತ್ತಿತ್ತು ಎಂಬ ಅರ್ಥವೂ ಬರುತ್ತದೆ. ಅದು ಒಂದು ದಿನವೂ ಜಾರಿಯಲ್ಲಿರಲಿಲ್ಲ. ಸೆನೆಟ್ 2025ರ ಮಾರ್ಚ್ 27ರಂದು 52–48, ಕೆಳಮನೆ ಏಪ್ರಿಲ್ 9ರಂದು 217–211 ಮತಗಳಿಂದ ಅದನ್ನು ತಳ್ಳಿಹಾಕುವ ನಿರ್ಣಯ ಅಂಗೀಕರಿಸಿದವು. ಮೇ 9ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಈ ನಿರ್ಣಯವನ್ನು ಕೆಲವರು ‘ಅವಿಶ್ವಾಸ ನಿರ್ಣಯ’ ಎಂದು ಬರೆದುಬಿಡುವ ಅಪಾಯವಿದೆ. ಅದು ಸರ್ಕಾರವನ್ನು ಕೆಳಗಿಳಿಸುವ ನಿರ್ಣಯ, ಇದು ಅದಲ್ಲ. ‘ನಾಮಂಜೂರು ನಿರ್ಣಯ’ ಎನ್ನಿ. ಕಚೇರಿಯ ಕನ್ನಡದಲ್ಲಿ ನಾಮಂಜೂರು ಎಲ್ಲರಿಗೂ ಗೊತ್ತು. 1996ರ ಒಂದು ಕಾಯ್ದೆಯ ಪ್ರಕಾರ ಇಂಥ ನಿರ್ಣಯಕ್ಕೆ ಸೆನೆಟ್‌ನಲ್ಲಿ ಸರಳ ಬಹುಮತ ಸಾಕು, ಚರ್ಚೆ ಮುಗಿಸಲು ಬೇಕಾಗುವ 60 ಮತದ ತೊಡಕಿಲ್ಲ. ಇನ್ನೊಂದು ಪರಿಣಾಮವನ್ನು ಲೇಖನಗಳು ಬಿಟ್ಟುಬಿಡುತ್ತವೆ. ನಾಮಂಜೂರಾದ ಮೇಲೆ ಹೊಸ ಕಾಯ್ದೆ ಬರದ ಹೊರತು ಬ್ಯೂರೋ ಬಹುಮಟ್ಟಿಗೆ ಅದೇ ತೆರನಾದ ನಿಯಮವನ್ನು ಮತ್ತೆ ಮಾಡುವಂತಿಲ್ಲ. ಅಂದರೆ ಮುಂದೆ ಅಧ್ಯಕ್ಷರು ಬದಲಾದರೂ ಕದ ಮುಚ್ಚಿಯೇ ಇರುತ್ತದೆ. ‘ರದ್ದು’ ಎಂಬ ಪದಕ್ಕೆ ಈ ಭಾರ ಇಲ್ಲ, ಬಿಡಿಸಿ ಬರೆಯಬೇಕು.

ವಾಕ್ಯವನ್ನು ಹೀಗೆ ಮಾಡಬಹುದು: ‘ದೊಡ್ಡ ಬ್ಯಾಂಕುಗಳ ಓವರ್‌ಡ್ರಾಫ್ಟ್ ಶುಲ್ಕವನ್ನು ಐದು ಡಾಲರ್‌ಗೆ ಇಳಿಸುವ ಇಲ್ಲವೇ ಅದನ್ನು ಸಾಲವೆಂದು ಪರಿಗಣಿಸುವ ನಿಯಮವನ್ನು, ಜಾರಿಗೆ ಬರುವ ಮುನ್ನವೇ ಅಮೆರಿಕದ ಸಂಸತ್ತು ನಾಮಂಜೂರು ಮಾಡಿತು.’ ಉದ್ದವಾಯಿತು, ಆದರೆ ತಪ್ಪಿಲ್ಲ.

ಪಕ್ಷಗಳ ಹೆಸರು ಹಾಕುವಾಗಲೂ ಎಚ್ಚರ ಬೇಕು. ರಿಪಬ್ಲಿಕನ್ನರು ಪರ, ಡೆಮಾಕ್ರಾಟರು ವಿರುದ್ಧ ಎಂಬುದು ಹೆಚ್ಚುಕಡಿಮೆ ನಿಜ. ಆದರೆ ಸೆನೆಟ್‌ನಲ್ಲಿ ಮಿಸೌರಿಯ ರಿಪಬ್ಲಿಕನ್ ಸದಸ್ಯ ಜಾಶ್ ಹಾಲಿ ನಿಯಮವನ್ನು ಉಳಿಸುವ ಕಡೆ ಮತ ಹಾಕಿದರು. ಕ್ರೆಡಿಟ್ ಕಾರ್ಡ್ ಬಡ್ಡಿಗೆ ಶೇ 10ರ ಮಿತಿ ಬೇಕೆಂದು 2025ರ ಫೆಬ್ರುವರಿಯಲ್ಲಿ ಡೆಮಾಕ್ರಾಟರ ಕಡೆ ನಿಲ್ಲುವ ಸೆನೆಟ್ ಸದಸ್ಯ ಬರ್ನಿ ಸ್ಯಾಂಡರ್ಸ್ ಜೊತೆ ಮಸೂದೆ ತಂದವರೂ ಅವರೇ. ಶುಲ್ಕದ ಮೇಲಿನ ಸಿಟ್ಟು ಎರಡೂ ಪಕ್ಷಗಳ ಮತದಾರರಲ್ಲಿದೆ. ಬ್ಯೂರೋ ಕೂಡ ಈಗ ಸೊರಗಿದೆ: 2025ರ ಫೆಬ್ರುವರಿ 1ರಂದು ನಿರ್ದೇಶಕ ರೋಹಿತ್ ಚೋಪ್ರಾ ವಜಾ ಆದರು, ಜುಲೈನ ಬಜೆಟ್ ಕಾಯ್ದೆ ಅದರ ಹಣದ ಮಿತಿಯನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸಿತು. ಬ್ಯೂರೋವನ್ನು ‘ಗ್ರಾಹಕರ ವೇದಿಕೆ’ ಎನ್ನಬೇಡಿ. ನಮ್ಮ ವೇದಿಕೆ (2020ರಿಂದ ಅದರ ಹೆಸರು ಗ್ರಾಹಕರ ಆಯೋಗ) ದೂರು ವಿಚಾರಣೆ ಮಾಡಿ ತೀರ್ಪು ಕೊಡುವ ಜಾಗ, ಅದು ನಿಯಮ ಮಾಡುವ ಮತ್ತು ಬ್ಯಾಂಕುಗಳನ್ನು ತಪಾಸಣೆ ಮಾಡುವ ಸಂಸ್ಥೆ.

‘ಜಂಕ್ ಫೀ’ ಎಂಬ ಮಾತನ್ನು ಆಗಿನ ಅಧ್ಯಕ್ಷ ಬೈಡನ್ 2023ರ ಫೆಬ್ರುವರಿಯ ಸಂಸತ್ ಭಾಷಣದಲ್ಲಿ ಬಳಸಿದ ಮೇಲೆ ಎಲ್ಲೆಡೆ ಹಬ್ಬಿತು. ‘ಕಸದ ಶುಲ್ಕ’ ಎಂದರೆ ಬೆಂಗಳೂರಿನ ಓದುಗರಿಗೆ ಪಾಲಿಕೆಯ ತ್ಯಾಜ್ಯ ಶುಲ್ಕ. ‘ಹುಸಿ ಶುಲ್ಕ’ ಎಂದರೆ ಇಲ್ಲದ ಶುಲ್ಕ ಎಂದಾಗುತ್ತದೆ. ‘ಅನಗತ್ಯ ಶುಲ್ಕ’ ನಡೆಯುತ್ತದೆ, ಆದರೆ ಕೊನೆಯಲ್ಲಿ ಬಿಲ್ಲಿಗೆ ಸೇರಿಸುವ ಕಪಟ ಅದರಲ್ಲಿಲ್ಲ. ಆಡುಮಾತಿನ ‘ಸುಮ್ಮಸುಮ್ಮನೆ ಹಾಕುವ ಶುಲ್ಕ’ ನನಗೆ ಹೆಚ್ಚು ಇಷ್ಟ.

ಮರುಪ್ರಶ್ನೆ

ಇಬ್ಬರಿಗೂ ವಂದನೆಗಳು. ಇನ್ನೆರಡು ಪದ: ‘ಕ್ರೆಡಿಟ್ ಯೂನಿಯನ್’ ಮತ್ತು ‘ವೇವ್’ (ಶುಲ್ಕ ಬಿಟ್ಟುಕೊಡುವುದು). 2011ರಲ್ಲಿ ಡೆಬಿಟ್ ಕಾರ್ಡಿಗೆ ತಿಂಗಳಿಗೆ 5 ಡಾಲರ್ ಎಂದು ಬ್ಯಾಂಕ್ ಆಫ್ ಅಮೆರಿಕ ಪ್ರಕಟಿಸಿದ್ದು, ಜನರ ವಿರೋಧಕ್ಕೆ ಮಣಿದು ನವೆಂಬರ್ 1ರಂದು ಹಿಂತೆಗೆದುಕೊಂಡದ್ದು, ನವೆಂಬರ್ 5ರಂದು ಜನ ಖಾತೆಗಳನ್ನು ಕ್ರೆಡಿಟ್ ಯೂನಿಯನ್‌ಗಳಿಗೆ ಬದಲಿಸುವ ದಿನ ಎಂದು ಆಚರಿಸಿದ್ದು ಲೇಖನದಲ್ಲಿದೆ. ಅಲ್ಲಿ ಓದುವ ನಮ್ಮ ವಿದ್ಯಾರ್ಥಿಗಳಿಗೆ ಉಪಯೋಗವಾಗುವ ಮಾತಿದ್ದರೆ ಅದನ್ನೂ ಸೇರಿಸಬಹುದು.

ಉತ್ತರ 1

ಕ್ರೆಡಿಟ್ ಯೂನಿಯನ್‌ಗೆ ‘ಪತ್ತಿನ ಸಹಕಾರ ಸಂಘ’ ಸರಿಯಾದ ಪದ. ಖಾತೆದಾರರೇ ಸದಸ್ಯರು, ಸದಸ್ಯರೇ ಮಾಲೀಕರು. ಆದರೆ ನಮ್ಮ ಪತ್ತಿನ ಸಂಘಗಳ ಠೇವಣಿಗೆ ಬ್ಯಾಂಕುಗಳಿಗಿರುವ ಠೇವಣಿ ವಿಮೆ ಇಲ್ಲ. ಅಲ್ಲಿನ ಬಹುತೇಕ ಯೂನಿಯನ್‌ಗಳಿಗೆ 2,50,000 ಡಾಲರ್‌ವರೆಗೆ ಸರ್ಕಾರದ ಬೆಂಬಲದ ವಿಮೆ ಇದೆ. ಈ ಒಂದು ಮಾತು ಸೇರಿಸದಿದ್ದರೆ, ಸೊಸೈಟಿ ಮುಳುಗಿದ ಸುದ್ದಿ ಓದಿರುವವರು ‘ಅಂಥ ಕಡೆ ಯಾಕೆ ಹೋದರು’ ಎಂದುಕೊಳ್ಳುತ್ತಾರೆ.

ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು ‘ಒಪ್ಪಿಗೆ’. 2010ರಿಂದ ಎಟಿಎಂ ಮತ್ತು ಒಂದು ಸಲದ ಡೆಬಿಟ್ ಕಾರ್ಡ್ ಖರೀದಿಗೆ ಖಾತೆದಾರನ ಮುಂಗಡ ಒಪ್ಪಿಗೆ ಇಲ್ಲದೆ ಓವರ್‌ಡ್ರಾಫ್ಟ್ ಶುಲ್ಕ ಹಾಕುವಂತಿಲ್ಲ. ಖಾತೆ ತೆರೆಯುವಾಗ ಇದನ್ನು ‘ರಕ್ಷಣೆ’ ಎಂಬ ಹೆಸರಿನಲ್ಲಿ ಕೇಳುತ್ತಾರೆ. ‘ಬೇಡ’ ಎಂದರೆ ಕಾರ್ಡು ನಿರಾಕರಣೆಯಾಗುತ್ತದೆ, ಶುಲ್ಕ ಬೀಳುವುದಿಲ್ಲ. ಮೊದಲು ‘ಹೂಂ’ ಎಂದಿದ್ದರೂ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಆದರೆ ಚೆಕ್ಕು, ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಫೋನ್ ಬಿಲ್ಲು ಮುಂತಾದವಕ್ಕೆ ಈ ನಿಯಮ ಅನ್ವಯವಾಗುವುದಿಲ್ಲ, ಅಲ್ಲಿ ಒಪ್ಪಿಗೆ ಕೇಳದೆಯೇ ಶುಲ್ಕ ಹಾಕಬಹುದು. ಎಲ್ಲ ಬ್ಯಾಂಕೂ ಒಂದೇ ಅಲ್ಲ: ಕ್ಯಾಪಿಟಲ್ ಒನ್ ಮತ್ತು ಸಿಟಿ 2022ರಲ್ಲಿ ಈ ಶುಲ್ಕವನ್ನೇ ಕೈಬಿಟ್ಟವು, ಬ್ಯಾಂಕ್ ಆಫ್ ಅಮೆರಿಕ ಅದೇ ವರ್ಷ 35ರಿಂದ 10 ಡಾಲರ್‌ಗೆ ಇಳಿಸಿತು. ಊರಿಗೆ ವಾಪಸಾಗುವಾಗ ಖಾತೆಯನ್ನು ಮೈನಸ್‌ನಲ್ಲಿ ಬಿಟ್ಟು ಬರುವುದು ಒಳ್ಳೆಯದಲ್ಲ. ಬ್ಯಾಂಕು ಅದನ್ನು ಮುಚ್ಚಿ ಚೆಕ್ಸ್‌ಸಿಸ್ಟಮ್ಸ್ ಎಂಬ ದಾಖಲಾತಿಗೆ ವರದಿ ಮಾಡಿದರೆ, ಐದು ವರ್ಷದವರೆಗೆ ಬೇರೆ ಬ್ಯಾಂಕಿನಲ್ಲೂ ಖಾತೆ ತೆರೆಯುವುದು ಕಷ್ಟ.

‘ವೇವ್’ಗೆ ಎರಡು ಪದ ಬೇಕು. ಸಂಬಳ ಜಮಾ ಆಗುವ ಷರತ್ತು ಪೂರೈಸಿದ್ದರಿಂದ ಶುಲ್ಕ ಬೀಳದಿದ್ದರೆ ‘ವಿನಾಯಿತಿ’. ಬಿದ್ದ ಶುಲ್ಕವನ್ನು ಬ್ಯಾಂಕಿಗೆ ಫೋನ್ ಮಾಡಿ ಬಿಡಿಸಿಕೊಂಡರೆ ‘ಮನ್ನಾ’. ಆದರೆ ಸಾಲ ಮನ್ನಾದ ನೆನಪು ಬರಬಾರದೆಂದರೆ ‘ಶುಲ್ಕ ವಾಪಸ್ ಜಮಾ ಮಾಡಿದರು’ ಎಂದೇ ಬರೆಯಿರಿ. ಮೊದಲ ಸಲ ಬಿದ್ದ ಶುಲ್ಕವನ್ನು ಕೇಳಿದರೆ ಬಹಳಷ್ಟು ಬ್ಯಾಂಕುಗಳು ವಾಪಸ್ ಕೊಡುತ್ತವೆ, ಕೇಳದಿದ್ದರೆ ಕೊಡುವುದಿಲ್ಲ.