ರೀಲ್ಸ್ ನೋಡಿ ರಾತ್ರಿ ಊಟ ಬಿಟ್ಟಿದ್ದಾಳೆ, ಏನು ಮಾಡೋದು?

ಪ್ರಶ್ನೆ: ಮಗಳಿಗೆ 14 ವರ್ಷ. ದಿನವಿಡೀ ರೀಲ್ಸ್, ಆಮೇಲೆ "ನಾನು ದಪ್ಪ, ಕಪ್ಪು, ಮೂಗು ದೊಡ್ಡದು" ಅಂತ ಕೊರಗು. ತಿಳಿದವರು ಹೇಳಿ.

ಫೋಟೋ ಎಡಿಟಿಂಗ್ ಮಾಡುವವರು: ಮೂಗಿನದು ಸುಲಭ. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೋಗಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತೆ. ಲೆನ್ಸಿಗೆ ಹತ್ತಿರ ಇರೋದು ದೊಡ್ಡದಾಗಿ ಬೀಳುತ್ತೆ, ಅಷ್ಟೆ. ನಿಮ್ಮ ಮುಖವನ್ನೇ ಅವಳ ಕೈಯಲ್ಲಿ ಎರಡೂ ದೂರದಿಂದ ತೆಗೆಸಿ, ಪಕ್ಕಪಕ್ಕ ಇಟ್ಟು ನೋಡಲಿ. ಕ್ಯಾಮೆರಾದಲ್ಲಿ ಮುಖ ನುಣುಪು ಮಾಡೋ ಬ್ಯೂಟಿ ಮೋಡ್ ಸೊನ್ನೆಗೆ ಇಳಿಸಿ. ಎಷ್ಟೋ ಫೋನುಗಳಲ್ಲಿ ಅದು ಮೊದಲೇ ಆನ್ ಆಗಿರುತ್ತೆ. ಆದರೆ "ಅದೆಲ್ಲ ಎಡಿಟ್ ಕಣೇ" ಅಂದ ಮಾತ್ರಕ್ಕೆ ಕೊರಗು ಹೋಗಲ್ಲ. ತಿದ್ದಿದ ಜಾಹೀರಾತು ಚಿತ್ರಕ್ಕೆ ಸೂಚನೆ ಹಾಕಬೇಕು ಅಂತ ಫ್ರಾನ್ಸ್‌ನಲ್ಲಿ 2017ರಿಂದ, ನಾರ್ವೆಯಲ್ಲಿ 2022ರಿಂದ ನಿಯಮವಿದೆ. ಸೂಚನೆ ಓದಿದವರೂ ಹೋಲಿಸಿಕೊಳ್ಳೋದು ಬಿಡಲ್ಲ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಕಣ್ಣಿಗೆ ಬೀಳೋದನ್ನೇ ಕಡಿಮೆ ಮಾಡಬೇಕು.

ಸೋಷಿಯಲ್ ಮೀಡಿಯಾ ಕೆಲಸದವರು: ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ ಕಂಟೆಂಟ್ ಪ್ರಿಫರೆನ್ಸಸ್‌ನಲ್ಲಿ "ರೀಸೆಟ್ ಸಜೆಸ್ಟೆಡ್ ಕಂಟೆಂಟ್" ಇದೆ, ಒತ್ತಿದರೆ ಆ್ಯಪ್ ತಾನಾಗೇ ತೋರಿಸೋ ರೀಲ್ಸ್ ಹೊಸದಾಗಿ ಶುರುವಾಗುತ್ತೆ. ಫಾಲೋ ಮಾಡ್ತಿರೋ ಖಾತೆಗಳು ಅದರಿಂದ ಹೋಗಲ್ಲ, ಡಯಟ್ ಖಾತೆಗಳನ್ನ ಒಂದೊಂದಾಗಿ ಅನ್‌ಫಾಲೋ ಮಾಡಬೇಕು, ಅವಳೇ ಮಾಡಲಿ. ಬೈಕೊಂಡು ಪೂರ್ತಿ ನೋಡಿದ ರೀಲೂ ಲೆಕ್ಕಕ್ಕೆ ಹೋಗುತ್ತೆ, ಅಂಥದ್ದೇ ಮತ್ತೆ ಬರುತ್ತೆ.

ಚರ್ಮರೋಗ ವೈದ್ಯೆ: ಬೆಳ್ಳಗಾಗೋ ಕ್ರೀಮ್ ಹಚ್ತಿದ್ದಾಳಾ? ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಬಣ್ಣ ತಿಳಿಯಾಗುತ್ತೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ, ಮುಖದ ಮೇಲೆ ಕೂದಲು. ತಿಂಗಳುಗಟ್ಟಲೆ ಹಚ್ಚಿ ದಿಢೀರನೆ ಬಿಟ್ಟರೆ ಉರಿ ಹೆಚ್ಚಿ, ಹೆದರಿ ಮತ್ತೆ ಹಚ್ತಾರೆ. ವೈದ್ಯರು ಹೇಳಿದಂತೆ ಬಿಡಿಸಿ. (1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತು. ಹುಡುಗಿ ನೋಡೋಕೆ ಬರೋರು ಮಾತ್ರ ಬದಲಾಗಿಲ್ಲ.)

ಶಾಲಾ ಆಪ್ತ ಸಮಾಲೋಚಕಿ: ಇಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಬಿಟ್ಟ ಊಟ. ತಟ್ಟೆ ಮುಂದೆ ವಾದ ಬೇಡ. ಎಲ್ಲರೂ ಒಟ್ಟಿಗೆ ಕೂತು ಒಂದೇ ಅಡುಗೆ ಉಣ್ಣಿ. ತೂಕದ ಯಂತ್ರ ಎತ್ತಿಡಿ. ಬಂದ ನೆಂಟರ "ಎಷ್ಟು ಊದ್ಕೊಂಡಿದ್ದೀಯೇ" ಅನ್ನೋ ಮಾತನ್ನ ನೀವೇ ತಡೀರಿ. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಗಡಿ 14 ವರ್ಷಕ್ಕೆ ಸಲ್ಲಲ್ಲ, ಮಕ್ಕಳ ವೈದ್ಯರು ವಯಸ್ಸಿನ ಚಾರ್ಟ್‌ನಲ್ಲಿ ನೋಡ್ತಾರೆ. ಮುಟ್ಟು ನಿಂತರೆ, ತಲೆ ಸುತ್ತಿದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡರೆ ಕಾಯಬೇಡಿ, ಅದೇ ವಾರ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.