ಎಂಟು ಡಿಸ್ಕಿಗೆ ರೇಡ್ ಕಾರ್ಡೋ, ಎಚ್‌ಬಿಎ ಕಾರ್ಡೋ?

ಶಿವಮೊಗ್ಗ_ಸ್ಟುಡಿಯೋ:
ನಮಸ್ಕಾರ. ನನ್ನದು ಫೋಟೋ ಸ್ಟುಡಿಯೋ. ಹನ್ನೊಂದು ವರ್ಷದ ಮದುವೆ ಫೋಟೋ, ವಿಡಿಯೋ ಎಲ್ಲ ಒಂದು ಹಳೇ ಟವರ್ ಸರ್ವರ್‌ನಲ್ಲಿದೆ. ಹೋದ ತಿಂಗಳು ಅದರ ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಟ್ಟು ಸೇರಿಸಿ ನಡೆಸುವ ಕಾರ್ಡ್) ಕೆಟ್ಟಿತು. ಡಿಸ್ಕುಗಳು ಚೆನ್ನಾಗಿಯೇ ಇದ್ದವು, ಆದರೆ ಬೇರೆ ಕಂಪ್ಯೂಟರಿಗೆ ಹಾಕಿದರೆ ಏನೂ ತೆರೆಯಲಿಲ್ಲ. ಅದೇ ಮಾದರಿಯ ಕಾರ್ಡ್ ಹುಡುಕಿ ತರಲು ಹದಿನೆಂಟು ದಿನ ಹಿಡಿಯಿತು. ಆಲ್ಬಂಗೆ ಕಾಯುತ್ತಿದ್ದ ಸಾಗರದ ಮನೆಯವರ ಫೋನ್ ಬಂದರೆ ಎದೆ ಡವಡವ ಅನ್ನುತ್ತಿತ್ತು.

ಈಗ 4 ಟಿಬಿಯ ಎಂಟು ಸಾಟಾ ಡಿಸ್ಕ್ ತಂದಿದ್ದೇನೆ. ಮದರ್‌ಬೋರ್ಡಿನಲ್ಲಿ ನಾಲ್ಕೇ ಪೋರ್ಟ್. ಝಡ್‌ಎಫ್‌ಎಸ್ (ಡಿಸ್ಕುಗಳನ್ನು ತಾನೇ ಜೋಡಿಸಿ ನೋಡಿಕೊಳ್ಳುವ ಫೈಲ್ ಸಿಸ್ಟಂ) ಹಾಕುವ ಆಸೆ. ಅಂಗಡಿಯವರು 1 ಜಿಬಿ ಕ್ಯಾಶ್, ಬ್ಯಾಟರಿ ಇರುವ ರೇಡ್ ಕಾರ್ಡ್ ತಗೊಳ್ಳಿ ಅಂತಾರೆ. ಸರೀನಾ?

ಸರ್ವರ್_ಕೆಲಸದವ:
ಬೇಡ ಸರ್. ಝಡ್‌ಎಫ್‌ಎಸ್‌ಗೆ ಪ್ರತಿ ಡಿಸ್ಕೂ ನೇರವಾಗಿ ಕಾಣಬೇಕು. ರೇಡ್ ಕಾರ್ಡ್ ಮಧ್ಯೆ ನಿಂತು ಎಲ್ಲವನ್ನೂ ಸೇರಿಸಿ ಒಂದೇ ಡಿಸ್ಕ್ ಅಂತ ತೋರಿಸುತ್ತದೆ. ಹೇಗೆ ಜೋಡಿಸಿದೆ ಅನ್ನುವ ಲೆಕ್ಕವೂ ಅದರದೇ ರೀತಿಯಲ್ಲಿರುತ್ತದೆ. ನಿಮಗೆ ಆಗಿದ್ದು ಅದೇ ಅಲ್ವಾ?

ನಿಮಗೆ ಬೇಕಾದ್ದು ಎಚ್‌ಬಿಎ, ಅಂದರೆ ಡಿಸ್ಕುಗಳನ್ನು ಸೇರಿಸದೆ ಇದ್ದ ಹಾಗೇ ಕಂಪ್ಯೂಟರಿಗೆ ತೋರಿಸುವ ಕಾರ್ಡ್. ಎಲ್‌ಎಸ್‌ಐ 9211-8ಐ ತಗೊಳ್ಳಿ, ಐಟಿ ಮೋಡ್ ಫರ್ಮ್‌ವೇರ್ (ರೇಡ್ ಕೆಲಸ ಮಾಡದ, ಕಾರ್ಡಿನ ಒಳಗಿನ ಸಾಫ್ಟ್‌ವೇರ್) ಇರಲಿ. ಹಳೆಯದು, ಆದರೆ ತಿರುಗುವ ಎಂಟು ಡಿಸ್ಕಿಗೆ ಅದರ ವೇಗ ಬೇಕಾದಷ್ಟಾಯಿತು. ಎಸ್‌ಎಸ್‌ಡಿ ಹಾಕುವ ಯೋಚನೆ ಇದ್ದರೆ ಮಾತ್ರ 9300-8ಐ ನೋಡಿ. ನಾಳೆ ಕಾರ್ಡ್ ಹೋದರೂ ಡಿಸ್ಕುಗಳನ್ನು ಬೇರೆ ಯಂತ್ರಕ್ಕೆ ಹಾಕಿ ಪೂಲ್ (ಝಡ್‌ಎಫ್‌ಎಸ್ ಜೋಡಿಸಿದ ಡಿಸ್ಕುಗಳ ಗುಂಪು) ಇಂಪೋರ್ಟ್ ಮಾಡಿದರಾಯಿತು.

ಕೇಬಲ್ ಬಗ್ಗೆ ಎಚ್ಚರ. 9211ಕ್ಕೆ ಎಸ್‌ಎಫ್‌ಎಫ್-8087, 9300ಕ್ಕೆ ಎಸ್‌ಎಫ್‌ಎಫ್-8643 ಕನೆಕ್ಟರ್. ಒಂದು ತುದಿಯಿಂದ ನಾಲ್ಕು ಸಾಟಾ ಬಾಯಿ ಬರುತ್ತವೆ, ನಿಮಗೆ ಎರಡು ಕೇಬಲ್ ಬೇಕು. 'ಫಾರ್ವರ್ಡ್ ಬ್ರೇಕ್‌ಔಟ್' (ಕಾರ್ಡಿನಿಂದ ಡಿಸ್ಕುಗಳ ಕಡೆಗೆ ಕವಲೊಡೆಯುವ ಕೇಬಲ್) ಅಂತ ಕೇಳಿಯೇ ತಗೊಳ್ಳಿ. ರಿವರ್ಸ್ ಕೇಬಲ್ ನೋಡಲು ಹಾಗೇ ಇರುತ್ತದೆ, ಅದರಲ್ಲಿ ಒಂದು ಡಿಸ್ಕೂ ಕಾಣಲ್ಲ. ನಾನು ಒಂದಿಡೀ ಭಾನುವಾರ ಅದರಲ್ಲೇ ಕಳೆದೆ.

ಹಾಸನ್_ಲ್ಯಾಬ್:
ಒಂದು ಮಾತು ಸೇರಿಸ್ತೀನಿ. ಈ ಕಾರ್ಡುಗಳು ರ‍್ಯಾಕ್ ಸರ್ವರಿನ ಜೋರು ಗಾಳಿಗೆ ಅಂತ ಮಾಡಿದವು. ಟವರಿನಲ್ಲಿ ಸುಮ್ನೆ ಬಿಟ್ಟರೆ ಹೀಟ್‌ಸಿಂಕ್ ಮುಟ್ಟಿದ ಬೆರಳನ್ನು ತಕ್ಷಣ ಎಳೆದುಕೊಳ್ಳಬೇಕಾಗುತ್ತೆ. 40 ಮಿ.ಮೀ. ಫ್ಯಾನ್ ಒಂದನ್ನು ಅದರ ಮೇಲೇ ಕೂರಿಸಿ. ಮತ್ತೆ, ರೇಡ್‌ಝಡ್2 ಅನ್ನುವ ಝಡ್‌ಎಫ್‌ಎಸ್ ಜೋಡಣೆಯಲ್ಲಿ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತೆ ನಿಜ, ಆದರೆ ಅಷ್ಟಕ್ಕೇ ನಂಬಿ ಕೂರಬೇಡಿ. ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಶಿವಮೊಗ್ಗ_ಸ್ಟುಡಿಯೋ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 9211 ಬಂತು, ಫ್ಯಾನೂ ಕೂರಿಸಿದೆ. ಎಂಟೂ ಡಿಸ್ಕ್ ಸೀರಿಯಲ್ ನಂಬರ್ ಸಮೇತ ಕಾಣುತ್ತಿವೆ. ಆ ನಂಬರುಗಳನ್ನು ಚೀಟಿಯಲ್ಲಿ ಬರೆದು ಒಂದೊಂದು ಡಿಸ್ಕಿನ ಮುಂದೆ ಅಂಟಿಸಿದೆ, ಯಾವುದು ಕೆಟ್ಟರೂ ಹುಡುಕಾಡಬಾರದು ಅಂತ. ಹಳೇ ಡಿಸ್ಕುಗಳಿಂದ ಕಾಪಿ ನಡೀತಿದೆ, ಈಗ 2016ರ ಮದುವೆಗಳು. ಇನ್ನೊಂದು ಪ್ರತಿ ಭದ್ರಾವತಿಯ ಅಕ್ಕನ ಮನೆಯಲ್ಲಿಡುತ್ತೇನೆ.